ಖಾರ ತಿನ್ನಿಸಿದರೆ ನಾಯಿ ಖಡಕ್ ಆಗುತ್ತಾ?

ಪ್ರಶ್ನೆ: ಜಮಖಂಡಿ ತಾಲೂಕಿನಾಗ ನಮ್ಮದು ತೋಟದ ಮನೆ. ಊರು ದೂರ. ಪಂಪ್‌ಸೆಟ್ಟಿನ ಕೇಬಲ್ ಕಳುವಾದ ಮೇಲೆ ಒಂದು ಮುಧೋಳ ನಾಯಿ ಮರಿ ತರಬೇಕು ಅಂತ ಮಾಡೀವಿ. ಯಾರಿಗೂ ತೋರಿಸದೆ ಕತ್ತಲಿ ಖೋಲ್ಯಾಗ ಕಟ್ಟಿ, ರೊಟ್ಟಿಗೆ ಖಾರ ಹಚ್ಚಿ ತಿನ್ನಿಸಿದರ ಖಡಕ್ ಆಗತೈತಿ ಅಂತಾರ ನಮ್ಮ ಕಾಕಾ. ಖರೇನಾ, ಡಾಕ್ಟರ್ ಸಾಹೇಬ್ರ? ಒಳ್ಳೆ ಕಾವಲು ನಾಯಿ ಗುಣ ಹೆಂಗ ಗುರುತು ಹಿಡೀಬೇಕು?
(ಕಬ್ಬು ಬೆಳೆಗಾರರು, ಬಾಗಲಕೋಟೆ ಜಿಲ್ಲೆ)

ಉತ್ತರ: ಕಾಕಾ ಅವರ ಮಾತು ನಮ್ಮ ಭಾಗದ ಹಳೇ ನಂಬಿಕೆ. ಖಾರದಿಂದ ನಾಯಿಯ ಹೊಟ್ಟೆ ಕೆಡುತ್ತದೆ, ಬೇರೇನೂ ಆಗುವುದಿಲ್ಲ. ಕತ್ತಲೆ ಕೋಣೆ ಮಾತ್ರ ಅದಕ್ಕಿಂತ ಅಪಾಯ. ಹಾಗೆ ಬೆಳೆದ ನಾಯಿ ನೋಡಲು ಜೋರಾಗಿಯೇ ಇರುತ್ತದೆ. ಕಂಡವರಿಗೆಲ್ಲ ಬೊಗಳುತ್ತದೆ, ಹಲ್ಲು ಕಿರಿಯುತ್ತದೆ. ಸ್ವಲ್ಪ ಹೊತ್ತು ನಿಂತು ನೋಡಿ, ಒಳಗಿನ ಹೆದರಿಕೆ ಗೊತ್ತಾಗುತ್ತದೆ. ಬಾಲ ಕಾಲ ಸಂದಿಯಲ್ಲಿ, ಕಿವಿ ಹಿಂದಕ್ಕೆ, ಮೈ ಭಾರ ಹಿಂಗಾಲಿನ ಮೇಲೆ. ಬೊಗಳುತ್ತಲೇ ಹಿಂದೆ ಸರಿಯುತ್ತದೆ. ಎದುರಿಗಿದ್ದವರು ತಿರುಗಿ ಹೊರಟರೋ, ಹಿಂದಿನಿಂದ ಬಂದು ಮೀನಖಂಡಕ್ಕೆ ಬಾಯಿ ಹಾಕುತ್ತದೆ. ಇಂಥ ನಾಯಿ ಕಳ್ಳ ಕೋಲು ಎತ್ತಿದರೆ ಮಂಚದ ಕೆಳಗೆ ಸೇರುತ್ತದೆ. ಕಚ್ಚಿಸಿಕೊಳ್ಳುವವರು ಹಾಲು ಒಯ್ಯಲು ಬಂದ ಹುಡುಗ, ಹೆಸ್ಕಾಂ ಲೈನ್‌ಮನ್, ಇಲ್ಲವೇ ರಜೆಗೆ ಬಂದ ನಿಮ್ಮದೇ ತಂಗಿಯ ಮಕ್ಕಳು.

ಕಾವಲಿಗೆ ಬೇಕಾದದ್ದು ಗಟ್ಟಿ ಗುಂಡಿಗೆ. ದೊಡ್ಡ ಸದ್ದಾದರೆ ಎಂಥ ನಾಯಿಯೂ ಒಮ್ಮೆ ಬೆಚ್ಚುತ್ತದೆ. ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ಅನ್ನುವುದು ಮುಖ್ಯ. ಸ್ಟೀಲ್ ತಾಟು ನೆಲಕ್ಕೆ ಬಿತ್ತು ಅಂತ ಇಟ್ಟುಕೊಳ್ಳಿ. ನಾಲ್ಕು ಹೆಜ್ಜೆ ಓಡಿ, ನಿಂತು, ತಿರುಗಿ ಬಂದು ತಾಟನ್ನು ಮೂಸಿದರೆ ಆ ಮರಿಯ ಮೇಲೆ ಭರವಸೆ ಇಡಬಹುದು. ಮೂಲೆ ಸೇರಿ ನಡುಗುತ್ತಾ ಕೂತು, ಕರೆದರೂ ಬರದಿದ್ದರೆ ಬೇಡ. ಆದರೆ ಇದೊಂದೇ ಪರೀಕ್ಷೆ ನಂಬಿ ದುಡ್ಡು ಕೊಡಬೇಡಿ. ಏಳೆಂಟು ವಾರದ ಮರಿ ಮುಂದೆ ಹೇಗಾಗುತ್ತದೆ ಅಂತ ಪೂರ್ತಿ ಹೇಳಲು ಬರುವುದಿಲ್ಲ. ಅದಕ್ಕೇ ತಾಯಿಯನ್ನು ನೋಡಿ. ಮಾಲೀಕರು ಪಕ್ಕದಲ್ಲಿದ್ದಾಗ ತಾಯಿ ನಿಮ್ಮನ್ನು ಹತ್ತಿರ ಬಿಟ್ಟುಕೊಳ್ಳುತ್ತದಾ? "ಅದು ಭಾಳ ಡೇಂಜರ್, ಹತ್ರ ಹೋಗಬ್ಯಾಡ್ರಿ" ಅಂತ ಹೆಮ್ಮೆಯಿಂದ ಹೇಳುವವರ ಮನೆಯಿಂದ ಮರಿ ತರಬೇಡಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ನಿಮಗೆ ಹತ್ತಿರವೇ. ಒಮ್ಮೆ ಹೋಗಿ ದೊಡ್ಡ ನಾಯಿಗಳನ್ನೂ ನೋಡಿ ಮಾತಾಡಿಸಿ ಬನ್ನಿ.

ಇನ್ನೊಂದು ಗುಣ, ಯಾವುದು ದಿನದ್ದು, ಯಾವುದು ಹೊಸದು ಅಂತ ತಿಳಿಯುವುದು. ಇದಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಇಲಿ ಓಡಿದರೂ, ಗರಿ ಅಲ್ಲಾಡಿದರೂ ರಾತ್ರಿಯಿಡೀ ಬೊಗಳುವ ನಾಯಿ ಇದ್ದರೆ ಸ್ವಲ್ಪ ದಿನಕ್ಕೆ ನೀವೇ ಎದ್ದು ನೋಡುವುದು ಬಿಡುತ್ತೀರಿ. ಕಳ್ಳನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಹೊಲದಲ್ಲಿ ಕುರಿ ತರುಬಿಸುತ್ತೀರಲ್ಲ, ಆಗ ಕುರಿಗಾರರ ನಾಯಿಯನ್ನು ಗಮನಿಸಿ. ಕುರಿಗಳ ನಡುವೆ ಸುಮ್ನೆ ಬಿದ್ದಿರುತ್ತದೆ. ದಾರಿಹೋಕನಿಗೆ ಒಮ್ಮೆ ತಲೆ ಎತ್ತಿ ನೋಡುತ್ತದೆ, ಅಷ್ಟೇ. ತೋಳದ ವಾಸನೆ ಬಂದರೆ ಮಾತ್ರ ಇಡೀ ಹಿಂಡು ಎಬ್ಬಿಸುತ್ತದೆ. ಅದನ್ನು ಯಾರೂ ಕತ್ತಲೆಯಲ್ಲಿ ಕೂಡಿಹಾಕಿರುವುದಿಲ್ಲ. ಕಣ್ಣು ಬಿಟ್ಟಾಗಿನಿಂದ ಕುರಿ, ಮಕ್ಕಳು, ಸಂತೆ, ಲಾರಿ ಎಲ್ಲ ಕಂಡು ಬೆಳೆದಿರುತ್ತದೆ.

ನಿಮ್ಮ ಮರಿಗೂ ಅದೇ ಬೇಕು. ಹುಟ್ಟಿದ ಮೂರನೇ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕು ವಾರದವರೆಗೆ ಕಂಡದ್ದು, ಕೇಳಿದ್ದು ನಾಯಿಯ ತಲೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಆ ವಯಸ್ಸು ದಾಟಿದ ಮೇಲೆ ಹೊಸದನ್ನು ಒಪ್ಪಿಸುವುದು ಬಹಳ ಕಷ್ಟ. ಹಾಗಾಗಿ ಮರಿ ತಂದ ದಿನದಿಂದಲೇ ತೋರಿಸಲು ಶುರು ಮಾಡಿ. ಟ್ರ್ಯಾಕ್ಟರ್ ಟೇಪಿನ ಗದ್ದಲ, ಹೆಲ್ಮೆಟ್ ಹಾಕಿದವರು, ಕಂಬಳಿ ಹೊದ್ದವರು, ಕೂಗಾಡುವ ಮಕ್ಕಳು, ಕಬ್ಬು ಕಡಿಯಲು ಬಂದ ಗ್ಯಾಂಗಿನವರು, ಎಲ್ಲ ತೋರಿಸಿ. ದೂರದಿಂದ ಶುರು ಮಾಡಿ, ತಿನ್ನಲು ಏನಾದರೂ ಕೊಡಿ. ಎಳೆದೊಯ್ಯಬೇಡಿ. ಚುಚ್ಚುಮದ್ದು ಮುಗಿಯುವವರೆಗೆ ಬೀದಿ ನಾಯಿ ಓಡಾಡುವ ಕಡೆ ನೆಲಕ್ಕೆ ಬಿಡದೆ ಎತ್ತಿಕೊಂಡು ತಿರುಗಾಡಿಸಿ.

ಎಲ್ಲರನ್ನೂ ಕಂಡು ಬೆಳೆದರೆ ಕಳ್ಳನಿಗೂ ಬಾಲ ಅಲ್ಲಾಡಿಸುತ್ತೆ ಅಲ್ವಾ ಅಂತ ಕೇಳಬಹುದು. ಹಾಗಾಗುವುದಿಲ್ಲ. ಹಗಲು ಮನೆಯವರ ಎದುರಿಗೆ ಬರುವ ಮನುಷ್ಯ ಹೇಗಿರುತ್ತಾನೆ ಅಂತ ಗೊತ್ತಿದ್ದರೆ ತಾನೇ, ನಡುರಾತ್ರಿ ಬದುವಿನ ಮೇಲೆ ಬಗ್ಗಿ ಬರುವವನು ಬೇರೆ ಅಂತ ಅದಕ್ಕೆ ಹೊಳೆಯುವುದು? ಆದರೆ ಆರು ತಿಂಗಳಿಗೇ ಕಾವಲು ಕಾಯಲಿ ಅಂತ ಬಯಸಬೇಡಿ. ಆ ತಿಳಿವಳಿಕೆ ಬಲಿಯಲು ಒಂದೂವರೆ, ಎರಡು ವರ್ಷ ಬೇಕು. ಅಷ್ಟರೊಳಗೆ ಮಾತು ಕೇಳುವುದನ್ನು ಕಲಿಸಿ. "ಸಾಕು" ಅಂದರೆ ಬೊಗಳುವುದು ನಿಲ್ಲಬೇಕು, ಕರೆದರೆ ಬರಬೇಕು. ತನ್ನ ತಾಟಿನದ್ದು ಬಿಟ್ಟು ಬೇಲಿಯಾಚೆಯಿಂದ ಬಿದ್ದದ್ದು ತಿನ್ನಬಾರದು. ವಿಷ ಹಾಕುವವರಿದ್ದಾರಲ್ಲ.

ಇನ್ನು ತಳಿಯ ಮಾತು. ಮುಧೋಳ ನಮ್ಮ ಹೆಮ್ಮೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ಮರಿಗಳು ತರಬೇತಿಗೆ ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. ಸೈನ್ಯಕ್ಕೆ ಹೋದ ತಳಿ ಅಂದ ಕೂಡಲೇ ಕಳ್ಳನ ಕೈ ಕಚ್ಚಿ ಹಿಡಿಯುತ್ತದೆ ಅಂದುಕೊಳ್ಳಬೇಡಿ. ಇದು ಕಣ್ಣಿನಿಂದ ಗುರಿ ಹಿಡಿದು ಓಡಿ ಬೇಟೆಯಾಡುವ ನಾಯಿ. ಮೊಲ ಕಂಡರೆ ಕಾವಲು ಮರೆತು ಓಡುವುದೂ ಉಂಟು. ಹೊಸಬರಿಂದ ಸ್ವಲ್ಪ ದೂರವೇ ಇರುತ್ತದೆ, ಒರಟುತನ ಸಹಿಸುವುದಿಲ್ಲ. ಸದ್ದಾದರೆ ಎಚ್ಚರಿಸಲಿಕ್ಕೆ ಒಳ್ಳೆಯದು. ನಿಮ್ಮ ತೋಟಕ್ಕೆ ಅಷ್ಟು ಸಾಕು ಅಂತ ನನ್ನ ಅಭಿಪ್ರಾಯ. ಬಂದವನನ್ನು ಕಚ್ಚುವಂತೆ ಯಾರ ಕೈಯಿಂದಲೂ ಕಲಿಸಬೇಡಿ. ಕೇಬಲ್ ಪೆಟ್ಟಿಗೆಗೆ ಒಂದು ಲೈಟು, ಅಂಗಳದಲ್ಲಿ ಬಾಯಿ ಮಾಡುವ ಒಂದು ನಾಯಿ, ಸಾಕು.

ಪ್ರಶ್ನೆ: ಕಾವಲಿಗೆ ಗಂಡು ಒಳ್ಳೆಯದೋ, ಹೆಣ್ಣೋ? ಸಂತಾನಹರಣ ಆಪರೇಷನ್ ಮಾಡಿಸಿದರೆ ಮೆತ್ತಗಾಗುತ್ತದಾ?
(ಓದುಗರು, ಗೋಕಾಕ)

ಉತ್ತರ: ಎರಡೂ ಆಗುತ್ತವೆ. ಗಂಡು, ಬೆದೆಗೆ ಬಂದ ಹೆಣ್ಣಿನ ವಾಸನೆ ಹಿಡಿದು ಊರು ಸುತ್ತಲು ಹೋಗುವುದು ಜಾಸ್ತಿ. ಆಪರೇಷನ್‌ನಿಂದ ಆ ಅಲೆದಾಟ ಕಡಿಮೆಯಾಗುತ್ತದೆ, ಮನೆ ಕಾಯುವ ಬುದ್ಧಿ ಹೋಗುವುದಿಲ್ಲ. ಯಾವ ವಯಸ್ಸಿಗೆ ಮಾಡಿಸಬೇಕು ಅಂತ ನಿಮ್ಮ ಪಶುವೈದ್ಯರನ್ನು ಕೇಳಿ. ದೊಡ್ಡ ತಳಿಗೆ ಸ್ವಲ್ಪ ಕಾಯುವುದು ಒಳ್ಳೆಯದು.

ಪ್ರಶ್ನೆ: ವಿಜಯಪುರದಲ್ಲಿ ನಮ್ಮ ಮನೆ. ನಾಲ್ಕು ವರ್ಷದ ರಾಟ್‌ವೈಲರ್ ಇದೆ. ಹಗಲು ಮಾಳಿಗೆ ಮೇಲೆ ಕಟ್ಟುತ್ತೇವೆ, ರಾತ್ರಿ ಬಿಡುತ್ತೇವೆ. ಇದುವರೆಗೆ ಯಾರಿಗೂ ಏನೂ ಮಾಡಿರಲಿಲ್ಲ. ಹೋದ ತಿಂಗಳು ಮನೆಗೆಲಸದ ಅಕ್ಕನಿಗೆ ಕಚ್ಚಿತು. ಈ ತಳಿಯನ್ನು ಸರ್ಕಾರ ಬ್ಯಾನ್ ಮಾಡಿದೆಯಂತೆ, ಏನು ಮಾಡಲಿ?
(ಓದುಗರು, ವಿಜಯಪುರ)

ಉತ್ತರ: ಮೊದಲು ಬ್ಯಾನ್ ವಿಷಯ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಬಗ್ಗೆ ಸುತ್ತೋಲೆ ಕಳಿಸಿತ್ತು, ಅದರಲ್ಲಿ ರಾಟ್‌ವೈಲರ್ ಇತ್ತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಾಗಂತ ನಿಮ್ಮ ಹೊಣೆ ತಪ್ಪುವುದಿಲ್ಲ. ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ನಾಲ್ಕು ವರ್ಷ ಸರಿಯಾಗಿದ್ದ ನಾಯಿ ಒಮ್ಮೆಲೇ ಬದಲಾಯಿತು ಅಂದರೆ ಮೈಯಲ್ಲಿ ಏನೋ ನೋವಿರಬಹುದು. ಕಿವಿಯ ಸೋಂಕು, ಹಲ್ಲು, ಸೊಂಟದ ಕೀಲು, ಕಣ್ಣು ಎಲ್ಲ ಪರೀಕ್ಷೆ ಮಾಡಿಸಿ. ಆಮೇಲೆ ಆ ಮಾಳಿಗೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಕಾದ ಸಿಮೆಂಟಿನ ಮೇಲೆ, ಕಪ್ಪು ಕೂದಲಿನ ನಾಯಿ! ಬಿಸಿಲು ಅದನ್ನು ಕೊಲ್ಲಲೂಬಹುದು, ಸಿಟ್ಟು ಬರುವುದು ದೊಡ್ಡ ಮಾತಲ್ಲ. ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರವೂ ತಪ್ಪು. ಕಟ್ಟಿದ ನಾಯಿಗೆ ಹಿಂದೆ ಸರಿಯಲು ಜಾಗವಿಲ್ಲ. ಗುರ್ ಅಂದರೂ ಯಾರೂ ಕೇಳದಿದ್ದರೆ ಕಚ್ಚುವುದೊಂದೇ ಅದಕ್ಕೆ ಉಳಿಯುವುದು. ಕೆಳಗೆ ನೆರಳಿರುವ ಕಡೆ ಜಾಳಿಗೆ ಹಾಕಿದ ಜಾಗ ಮಾಡಿ, ಬೆಳಿಗ್ಗೆ ಸಂಜೆ ತಂಪಿನಲ್ಲಿ ನಡೆಸಿ. ಕೆಲಸದವರು ಬರುವ ಹೊತ್ತಿಗೆ ಅದು ಒಳಗಿರಲಿ. ಬಾಯಿಗೆ ಕುಕ್ಕೆ (ಮಜಲ್) ಹಾಕುವುದನ್ನೂ ಈಗಲೇ ರೂಢಿ ಮಾಡಿಸಿ, ಆಸ್ಪತ್ರೆಗೆ ಒಯ್ಯುವಾಗ ಬೇಕಾಗುತ್ತದೆ.

ಆ ಅಕ್ಕನಿಗೆ ಲಸಿಕೆ ಹಾಕಿಸಿದ್ದೀರಾ ಅಂತ ನೀವು ಬರೆದಿಲ್ಲ. ಹಾಕಿಸಿಲ್ಲವೆಂದರೆ ಇವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಡವಾಯಿತು ಅಂತ ಬಿಡಬೇಡಿ. ಕೋರ್ಸ್ ಪೂರ್ತಿ ಮುಗಿಸಿ, ಖರ್ಚು ಮತ್ತು ರಜೆಯ ದಿನದ ಪಗಾರ ನೀವೇ ಕೊಡಿ. ನಾಯಿಗೆ ರೇಬಿಸ್ ಚುಚ್ಚುಮದ್ದು ಹಾಕಿಸಿದ ಕಾರ್ಡ್ ಇದ್ದರೆ ಅದನ್ನೂ ವೈದ್ಯರಿಗೆ ತೋರಿಸಿ.