ಕಾಡುಕೋಳಿ ತಂದು ಬಿಡಬಹುದೇ?

ಪ್ರಶ್ನೆ: ಗೋವಾದ ಸತ್ತರಿಯಲ್ಲಿ ನಮಗೆ ಎರಡು ಎಕರೆ ಗೇರು ತೋಟವಿದೆ. ಕಾಡುಕೋಳಿ ಮರಿ ತಂದು ಬಿಟ್ಟರೆ ಬೆಳೆಯುತ್ತವೆಯೇ?
– ಓದುಗರು, ವಾಸ್ಕೋ

ಉತ್ತರ: ದಯವಿಟ್ಟು ತರಬೇಡಿ. ಅಲ್ಲಿಯ ಬೂದು ಕಾಡುಕೋಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮೊಟ್ಟೆ ಎತ್ತುವುದೂ ತಪ್ಪು. ನಾಟಿ ಕೋಳಿಯನ್ನೇ ಬಿಡಿ. ಅದೂ ಕೆಂಪು ಕಾಡುಕೋಳಿಯ ಸಂತತಿಯೇ ಅಲ್ವಾ?

ನಾನು ಫೋಂಡಾ ಹತ್ತಿರ ಆರು ಹೇಂಟೆ, ಒಂದು ಹುಂಜದಿಂದ ಶುರು ಮಾಡಿದೆ. ಮೂರು ವಾರ ಗೂಡಲ್ಲೇ ಕಾಳು ಹಾಕಿ ಜಾಗ ರೂಢಿ ಮಾಡಿಸಿದೆ. ಈಗ ಸಂಜೆಯಾದರೆ ಒಂದೊಂದಾಗಿ ಹಲಸಿನ ಕೊಂಬೆಗೆ ಹಾರಿ, ಮೈ ಉಬ್ಬಿಸಿ ಕೂರುತ್ತವೆ. ಎಷ್ಟು ಚೆಂದ!

ಮರಿಗಳದ್ದೇ ಚಿಂತೆ. ಒಂದೇ ಬೆಳಿಗ್ಗೆ ಮುಂಗುಸಿ ಏಳು ಮರಿ ಹೊತ್ತೊಯ್ದಿತ್ತು. ಕಾವಿನ 21 ದಿನ, ಆಮೇಲೆ ಮರಿ ಬಲಿಯುವವರೆಗೂ ಹೇಂಟೆಯನ್ನು ಒಳಗೇ ಇಡಿ. ಕೋಳಿಗಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ತಪ್ಪಿಸಬೇಡಿ.