ಬೆಂಗಳೂರಿನ ಎಸ್‌.ಪಿ. ರೋಡಿನ ಅಂಗಡಿಗಳಿಗೆ ಹೊರಡುವ ಮೊದಲು: ಗೇಮಿಂಗ್ ಕಂಪ್ಯೂಟರ್ ಪ್ರಶ್ನೋತ್ತರ

ಪ್ರಶ್ನೆ: ಸರ್, ನನ್ನ ಕಂಪ್ಯೂಟರ್ 2019ರ ಕೊನೆಯಲ್ಲಿ ಜೋಡಿಸಿದ್ದು. ರೈಜನ್ 5 2600, ಬಿ450 ಬೋರ್ಡ್, 8 ಜಿಬಿಯ ಒಂದೇ ಸ್ಟಿಕ್ ರ್‍ಯಾಮ್, ಜಿಟಿಎಕ್ಸ್ 1660 ಸೂಪರ್, 450 ವ್ಯಾಟಿನ ಎಸ್‌ಎಂಪಿಎಸ್ (ಕರೆಂಟ್ ಒದಗಿಸುವ ಡಬ್ಬಿ). ಈಚೆಗೆ 144 ಹರ್ಟ್ಸ್ ಮಾನಿಟರ್ ತಂದೆ. ವ್ಯಾಲರಂಟ್ ಆಡುವಾಗ ಎಲ್ಲರೂ ಒಂದೇ ಕಡೆ ಸೇರಿದರೆ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ದೊಪ್ಪನೆ ಬೀಳುತ್ತದೆ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ ಅನ್ನುತ್ತಾರೆ ಅಂಗಡಿಯವರು. ಕೈಯಲ್ಲಿ 35 ಸಾವಿರ ಇದೆ.
– ಎಂ.ಕೆ., ರಾಜಾಜಿನಗರ

ಉತ್ತರ: ದುಡ್ಡು ಬಿಚ್ಚುವ ಮೊದಲು ಒಂದು ಸಂಜೆ ಪರೀಕ್ಷೆಗೆ ಇಡಿ. ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶ ಹಾಕಿಕೊಂಡು ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ, ಎಫ್‌ಪಿಎಸ್, ಪ್ರೊಸೆಸರಿನ ಪ್ರತಿ ಥ್ರೆಡ್ಡಿನ (ಒಮ್ಮೆಗೆ ಸಾಗುವ ಒಂದು ಕೆಲಸದ ಸಾಲು) ಬಳಕೆ ಇವನ್ನು ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿ. ಎಫ್‌ಪಿಎಸ್ ಬೀಳುವ ಹೊತ್ತಿಗೆ ಜಿಪಿಯು ಶೇ 95ರ ಮೇಲಿದ್ದರೆ ತಡ ಮಾಡುತ್ತಿರುವುದು ಕಾರ್ಡ್. ಶೇ 60–70ಕ್ಕೆ ಇಳಿದಿದ್ದರೆ ಕಾರ್ಡ್ ಸುಮ್ಮನೆ ಕಾಯುತ್ತಿದೆ, ತಡ ಬೇರೆಡೆ ಇದೆ. ರೆಸಲ್ಯೂಷನ್ನನ್ನು 720ಕ್ಕೆ ಇಳಿಸಿಯೂ ನೋಡಿ. ಎಫ್‌ಪಿಎಸ್ ಅಲ್ಲೇ ನಿಂತರೆ ಅನುಮಾನವೇ ಬೇಡ, ಹೊಸ ಕಾರ್ಡಿನಿಂದ ನಿಮ್ಮ ತೊಂದರೆ ತೀರುವುದಿಲ್ಲ. ಇಲ್ಲಿ ಬಹಳ ಜನ ಎಡವುವುದು ಒಂದು ಅಂಕಿಯಿಂದ: ಟಾಸ್ಕ್ ಮ್ಯಾನೇಜರ್ ಪ್ರೊಸೆಸರ್ ಬಳಕೆ ಶೇ 40 ಎಂದು ತೋರಿಸುತ್ತದೆ, ಹಾಗಾದರೆ ಪ್ರೊಸೆಸರ್ ಬಿಡುವಾಗಿದೆ ಅಂದುಕೊಳ್ಳುತ್ತಾರೆ. ಅದು ಹನ್ನೆರಡು ಥ್ರೆಡ್ಡುಗಳ ಸರಾಸರಿ. ಆಟದ ಮುಖ್ಯ ಕೆಲಸ ಹೊತ್ತ ಒಂದು ಥ್ರೆಡ್ ಅಷ್ಟರಲ್ಲಿ ಶೇ 100 ಮುಟ್ಟಿ ಏದುಸಿರು ಬಿಡುತ್ತಿರಬಹುದು.

ನಿಮ್ಮ ಪಟ್ಟಿ ನೋಡಿದರೆ ಮೊದಲ ಅನುಮಾನ ರ್‍ಯಾಮ್ ಮೇಲೆ. ಒಂದೇ ಸ್ಟಿಕ್ ಎಂದರೆ ಒಂದೇ ಚಾನೆಲ್, ಅಂದರೆ ಪ್ರೊಸೆಸರಿಗೂ ಅದಕ್ಕೂ ನಡುವೆ ಒಂದೇ ದಾರಿ. ಡಿಡಿಆರ್4 3200ರಲ್ಲಿ ಒಂದು ಚಾನೆಲ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ, ಎರಡಾದರೆ 51.2. ಈಗಿರುವ ಸ್ಟಿಕ್ಕಿಗೆ ಜೊತೆ ಹುಡುಕುತ್ತ ಅಲೆಯಬೇಡಿ, ಒಂದೇ ಪೊಟ್ಟಣದಲ್ಲಿ ಬರುವ ಜೋಡಿಯನ್ನೇ ತನ್ನಿ: 8+8 ಅಥವಾ 16+16, ವೇಗ 3200, ಸಿಎಲ್16 (ವಿಳಂಬದ ಅಂಕಿ). ನಾಲ್ಕು ಸ್ಲಾಟಿನ ಬೋರ್ಡಾದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ. ಅಲ್ಲಿ ಮೊದಲೆರಡು ಅಥವಾ ಕೊನೆಯೆರಡು ಸ್ಲಾಟಿಗೆ ಹಾಕಿದರೆ ಎರಡು ಸ್ಟಿಕ್ಕೂ ಒಂದೇ ಚಾನೆಲ್‌ನಲ್ಲಿ ಕೂರುತ್ತವೆ, ಕೊಟ್ಟ ದುಡ್ಡು ದಂಡ.

ಎರಡನೆಯದು ಪ್ರೊಸೆಸರ್. ಬೋರ್ಡ್ ಬದಲಿಸಬೇಕಿಲ್ಲ, ಎಎಂ4 ಸಾಕೆಟ್ಟಿನ (ಪ್ರೊಸೆಸರ್ ಕೂರುವ ಗೂಡು) ದೊಡ್ಡ ಉಪಕಾರ ಅದು. ರೈಜನ್ 5 5600 ಬಿ450ರಲ್ಲಿ ಕೂರುತ್ತದೆ. 5700ಎಕ್ಸ್3ಡಿ ಬಿಲ್ ಸಮೇತ ಸಿಕ್ಕಿ, ಕೈಗೆಟುಕಿದರೆ ಅದರ 96 ಎಂಬಿ ಎಲ್3 ಕ್ಯಾಷೆ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಇಂಥ ಆಟಗಳಿಗೆ ಇನ್ನೂ ಒಳ್ಳೆಯದು. ಆದರೆ ಕೆಲಸದ ಸರದಿ ತಪ್ಪಬಾರದು: ಹಳೆಯ 2600 ಸಾಕೆಟ್ಟಿನಲ್ಲಿ ಇರುವಾಗಲೇ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ. ಅದನ್ನು ಕಿತ್ತು ಹೊಸದನ್ನು ಕೂರಿಸಿದ ಮೇಲೆ ನೆನಪಾದರೆ ಪರದೆ ಕಪ್ಪಗೇ ಇರುತ್ತದೆ. ಬೋರ್ಡಿನ ಮೇಲೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಪೂರ್ತಿ ಮಾಡೆಲ್ ಹೆಸರು, ರಿವಿಷನ್ ಸಂಖ್ಯೆ ಎರಡನ್ನೂ ಬರೆದುಕೊಳ್ಳಿ. ಒಂದೇ ಹೆಸರಿನ ಬೋರ್ಡಿಗೆ ರಿವಿಷನ್ ಬೇರೆಯಾದರೆ ಬಯೋಸ್ ಫೈಲೂ ಬೇರೆ ಇರಬಹುದು. ಪೆನ್‌ಡ್ರೈವನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ, ಫೈಲನ್ನು ಬಿಚ್ಚಿ ಹಾಕಿ, ಬಯೋಸ್ ಒಳಗಿನ ಫ್ಲ್ಯಾಷ್ ಆಯ್ಕೆಯಿಂದಲೇ ಏರಿಸಿ. ಮಧ್ಯೆ ಕರೆಂಟ್ ಹೋದರೆ ಬೋರ್ಡ್ ಮೂಕವಾಗುತ್ತದೆ. ಆದ್ದರಿಂದ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ, ಮಳೆಗಾಲದ ಸಂಜೆಯಂತೂ ಬೇಡವೇ ಬೇಡ.

ಇನ್ನು ಕೂಲರ್ ಬಿಚ್ಚುವುದು. ಎಎಂ4 ಪ್ರೊಸೆಸರಿಗೆ ಕಾಲುಗಳು ಅಡಿಯಲ್ಲಿರುತ್ತವೆ, ಸಾಕೆಟ್ಟಿನ ಚಿಲಕಕ್ಕಿಂತ ಕೂಲರಿಗೂ ಪ್ರೊಸೆಸರಿಗೂ ನಡುವೆ ಶಾಖ ದಾಟಿಸಲು ಹಚ್ಚಿ, ಈಗ ಒಣಗಿದ ಪೇಸ್ಟಿನ ಹಿಡಿತವೇ ಬಿಗಿ. ಕೂಲರನ್ನು ನೇರ ಮೇಲೆತ್ತಿದರೆ ಪ್ರೊಸೆಸರ್ ಅಂಟಿಕೊಂಡು ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಕಾಲು ಬಾಗುತ್ತವೆ. ಹಾಗಾಗಿ ಹದಿನೈದು ನಿಮಿಷ ಆಟ ಓಡಿಸಿ ಪೇಸ್ಟ್ ಮೆತ್ತಗಾಗಲು ಬಿಡಿ. ಆಮೇಲೆ ಆರಿಸಿ, ಪ್ಲಗ್ ಕಿತ್ತು, ಕೂಲರನ್ನು ಡಬ್ಬಿಯ ಮುಚ್ಚಳ ತಿರುಗಿಸುವ ಹಾಗೆ ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸಿ. ಜಾರಿದಂತೆ ಕೈಗೆ ತಿಳಿಯುತ್ತದೆ. ಆಗ ಎತ್ತಿ.

ಹೊಸ ಪ್ರೊಸೆಸರ್ ಹಾಕಿ ಮೊದಲ ಸಲ ಆನ್ ಮಾಡಿದಾಗ ಎಫ್‌ಟಿಪಿಎಂ (ಭದ್ರತಾ ಕೀಗಳನ್ನು ಇಡುವ ಜಾಗ) ಅಳಿಸಲೇ ಎಂದು ಪರದೆ ಕೇಳಬಹುದು. ವಿಂಡೋಸಿನಲ್ಲಿ ಡ್ರೈವಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ರಿಕವರಿ ಕೀ ಇಲ್ಲದೆ ಡ್ರೈವ್ ತೆರೆಯುವುದಿಲ್ಲ. ಆ ಕೀಯನ್ನು ಹಿಂದಿನ ದಿನವೇ ಕಾಗದದ ಮೇಲೆ ಬರೆದಿಡಿ.

ಇಷ್ಟಾದ ಮೇಲೂ ದುಡ್ಡು ಉಳಿದರೆ ಕಾರ್ಡ್ ವಿಚಾರ. ಬಿ450 ಪಿಸಿಐಇ 3.0 ಬೋರ್ಡ್. ಪಿಸಿಐಇ ಎಂದರೆ ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ದಾರಿ, ಲೇನ್ ಎಂದರೆ ಆ ದಾರಿಯ ಸಾಲುಗಳು. ಆರ್‌ಟಿಎಕ್ಸ್ 4060, ಆರ್‌ಎಕ್ಸ್ 7600 ಎಂಟು ಲೇನ್‌ಗಳ ಕಾರ್ಡುಗಳು. 8 ಜಿಬಿ ವಿಡಿಯೋ ಮೆಮೊರಿ ತುಂಬಿ ಚೆಲ್ಲುವವರೆಗೆ ನಷ್ಟ ಸ್ವಲ್ಪವೇ. ಆರ್‌ಎಕ್ಸ್ 6500 ಎಕ್ಸ್‌ಟಿ ಮಾತ್ರ ತರಲೇಬೇಡಿ. ಅದಕ್ಕೆ ನಾಲ್ಕೇ ಲೇನ್, ಮೆಮೊರಿಯೂ ಸಾಮಾನ್ಯವಾಗಿ 4 ಜಿಬಿ, 3.0 ಬೋರ್ಡಿನಲ್ಲಿ ಅದರ ಉಸಿರು ಕಟ್ಟುತ್ತದೆ. ಎಸ್‌ಎಂಪಿಎಸ್ ಲೆಕ್ಕ ಹೀಗೆ: 5600 ಹೆಚ್ಚೆಂದರೆ 76 ವ್ಯಾಟ್, 4060 ಸುಮಾರು 115, ಉಳಿದದ್ದಕ್ಕೆ 50. ಅಂಕಿ ನೋಡಿದರೆ 450 ಸಾಕು. ಆದರೆ ಅದು ಕ್ಯಾಬಿನೆಟ್ ಜೊತೆ ಬಂದದ್ದಾದರೆ ಅಂಕಿಯನ್ನು ನಂಬಬೇಡಿ, 550 ಅಥವಾ 650ರ ಒಳ್ಳೆಯದೊಂದು ತನ್ನಿ.

ಪ್ರಶ್ನೆ: ರೈಜನ್ 5 5600. ಎಕ್ಸ್‌ಎಂಪಿ (ರ್‍ಯಾಮನ್ನು ಅದರ ಪೊಟ್ಟಣದ ಮೇಲಿನ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಿ, ಎಲ್ಲ ಕೋರ್ 4.6 ಗಿಗಾಹರ್ಟ್ಸ್, 1.4 ವೋಲ್ಟ್ ಇಟ್ಟಿದ್ದೆ. ಡಿಸೆಂಬರಿನಲ್ಲಿ ಚೆನ್ನಾಗಿತ್ತು. ಏಪ್ರಿಲ್ ಬಂದ ಮೇಲೆ ಅರ್ಧ ಗಂಟೆ ಆಡಿದರೆ ರೀಸ್ಟಾರ್ಟ್ ಆಗುತ್ತದೆ. ಪ್ರೊಸೆಸರ್ ಹಾಳಾಯಿತೇ?
– ಡಿ., ಕೆಂಗೇರಿ

ಉತ್ತರ: ಹಾಳಾಗಿರುವ ಸಾಧ್ಯತೆ ಕಡಿಮೆ. ಕೂಲರ್ ಎಷ್ಟೇ ಒಳ್ಳೆಯದಿರಲಿ, ಕೋಣೆಯ ಗಾಳಿಗಿಂತ ಇಷ್ಟು ಡಿಗ್ರಿ ಮೇಲೆ ಎಂದಷ್ಟೇ ಅದು ಹಿಡಿದಿಡಬಲ್ಲದು. ಡಿಸೆಂಬರಿನ ರಾತ್ರಿ ಕೋಣೆ 22 ಇತ್ತು, ಏಪ್ರಿಲ್ ಮಧ್ಯಾಹ್ನ ಆರ್‌ಸಿಸಿ ಸೂರಿನ ಕೆಳಗೆ 33 ಆಯಿತು ಅನ್ನಿ. ಆ 11 ಡಿಗ್ರಿ ಹಾಗ್ಹಾಗೇ ಪ್ರೊಸೆಸರಿನ ಮೇಲೂ ಏರುತ್ತದೆ. ಬೆಂಗಳೂರಿನಲ್ಲಿ ಓವರ್‌ಕ್ಲಾಕಿನ (ನಿಗದಿಗಿಂತ ಹೆಚ್ಚು ವೇಗಕ್ಕೆ ಏರಿಸುವುದು) ಪರೀಕ್ಷೆಯನ್ನು ಕಿಟಕಿ ಮುಚ್ಚಿ ಏಪ್ರಿಲ್ ಮಧ್ಯಾಹ್ನವೇ ಮಾಡಬೇಕು. ಆಗ ನಿಂತದ್ದು ವರ್ಷವಿಡೀ ನಿಲ್ಲುತ್ತದೆ.

ನಿಮ್ಮ ದೊಡ್ಡ ತಪ್ಪು, ರ್‍ಯಾಮ್ ಮತ್ತು ಪ್ರೊಸೆಸರ್ ಎರಡನ್ನೂ ಒಟ್ಟಿಗೆ ಮುಟ್ಟಿದ್ದು. ಈಗ ಯಾವುದು ಕೈಕೊಡುತ್ತಿದೆ ಎಂದು ಹೇಳಲಾಗದು. ಬಯೋಸ್ ಡೀಫಾಲ್ಟಿಗೆ ತನ್ನಿ. ಮೊದಲು ಎಕ್ಸ್‌ಎಂಪಿ ಒಂದನ್ನೇ ಆನ್ ಮಾಡಿ, ರ್‍ಯಾಮ್ ವೋಲ್ಟೇಜ್ 1.35 ಇದೆಯೇ ನೋಡಿ, ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿನಿಂದ ನಾಲ್ಕು ಸುತ್ತು ಓಡಿಸಿ. ರಾತ್ರಿ ಮಲಗುವಾಗ ಹಚ್ಚಿದರೆ ಬೆಳಿಗ್ಗೆಗೆ ಮುಗಿದಿರುತ್ತದೆ. ಒಂದೇ ಒಂದು ತಪ್ಪು ಬಂದರೂ ಆ ಸೆಟ್ಟಿಂಗ್ ಬೇಡ. ಅಸ್ಥಿರ ರ್‍ಯಾಮ್ ಆಟವನ್ನು ನಿಲ್ಲಿಸುವುದಷ್ಟೇ ಅಲ್ಲ, ಡಿಸ್ಕಿಗೆ ಹೋಗುವ ಫೈಲುಗಳನ್ನೂ ಸದ್ದಿಲ್ಲದೆ ಕೆಡಿಸುತ್ತದೆ; ಮನೆಯವರ ಫೋಟೋಗಳ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇರಲಿ. 3600 ರ್‍ಯಾಮ್ ಇದ್ದರೆ ಎಫ್‌ಸಿಎಲ್‌ಕೆ (ಪ್ರೊಸೆಸರಿನೊಳಗಿನ ಸಂಪರ್ಕದ ವೇಗ) 1800 ಇಡಿ, ಎರಡೂ ಹೆಜ್ಜೆಗೆ ಹೆಜ್ಜೆ ಹಾಕುತ್ತವೆ. 4000ದ ರ್‍ಯಾಮ್ ತಂದರೆ ಬಹುತೇಕ 5600ಗಳಲ್ಲಿ ಈ ಹೆಜ್ಜೆ ತಪ್ಪಿ ವಿಳಂಬ ಹೆಚ್ಚುತ್ತದೆ, ದುಬಾರಿ ರ್‍ಯಾಮ್ ನಿಧಾನವಾಗಿ ಕಾಣುತ್ತದೆ.

ಪ್ರೊಸೆಸರಿಗೆ ಸ್ಥಿರ 4.6 ಬೇಡ. ಎಲ್ಲ ಹೊತ್ತೂ 1.4 ವೋಲ್ಟ್ ಹೊಡೆಯುವ ಬದಲು ಬಯೋಸಿನಲ್ಲಿ ಪಿಬಿಒ (ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳಲು ಬಿಡುವ ಆಯ್ಕೆ) ಆನ್ ಮಾಡಿ, ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜರಿನಲ್ಲಿ ಎಲ್ಲ ಕೋರ್‌ಗಳಿಗೂ ನೆಗೆಟಿವ್ 10 ಕೊಡಿ. ಒಂದು ಅಂಕಿಗೆ ಸುಮಾರು 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ. ಕಡಿಮೆ ವೋಲ್ಟ್ ಎಂದರೆ ಕಡಿಮೆ ಬಿಸಿ, ಉಳಿದ ಅವಕಾಶದಲ್ಲಿ ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳುತ್ತದೆ. ಎರಡು ದಿನ ನಿಂತರೆ 15, ಆಮೇಲೆ 20. ಇಲ್ಲೊಂದು ಮೋಸವಿದೆ: ಎಲ್ಲ ಕೋರಿಗೂ ಭಾರ ಕೊಡುವ ಸಿನೆಬೆಂಚ್ ಅರ್ಧ ಗಂಟೆ ಓಡಿದರೂ ಯೂಟ್ಯೂಬ್ ನೋಡುವಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಒಂದು ಕೋರ್ ಮಾತ್ರ ಎದ್ದಾಗಲೇ ಅತಿ ಹೆಚ್ಚು ವೇಗಕ್ಕೆ ಹಾರುವುದು, ವೋಲ್ಟೇಜ್ ಸಾಲದೆ ಬೀಳುವುದೂ ಅಲ್ಲೇ. ಆದ್ದರಿಂದ ಕೋರ್‌ಸೈಕ್ಲರ್‌ನಿಂದ ಒಂದೊಂದೇ ಕೋರನ್ನು ಪರೀಕ್ಷಿಸಿ. ಬಿದ್ದರೆ ಈವೆಂಟ್ ವ್ಯೂವರ್ ತೆರೆದು ‘ವೀಯಾ ಲಾಗರ್’ (WHEA-Logger) ಸಾಲು ಹುಡುಕಿ, ಅದರಲ್ಲಿ ಎಪಿಐಸಿ ಐಡಿ (ಥ್ರೆಡ್ಡಿನ ಸಂಖ್ಯೆ) ಇರುತ್ತದೆ. 0 ಅಥವಾ 1 ಎಂದರೆ ಮೊದಲ ಕೋರ್, 2 ಅಥವಾ 3 ಎಂದರೆ ಎರಡನೆಯದು, ಹೀಗೆ. ಆ ಕೋರಿಗೆ ಮಾತ್ರ 5 ಅಂಕಿ ಹಿಂದೆ ತನ್ನಿ.

ಪ್ರಶ್ನೆ: ಐ5 12400ಎಫ್, ಬಿ660 ಬೋರ್ಡ್. 5 ಗಿಗಾಹರ್ಟ್ಸ್ ಮಾಡುವುದು ಹೇಗೆ?
– ಓದುಗರು, ಯಲಹಂಕ

ಉತ್ತರ: ಸಾಮಾನ್ಯ ಬಿ660 ಬೋರ್ಡಿನಲ್ಲಿ ಆಗುವುದಿಲ್ಲ. ಹೆಸರಿನ ಕೊನೆಯ ಅಕ್ಷರಗಳಲ್ಲಿ ‘ಕೆ’ ಇಲ್ಲದ ಇಂಥ ಇಂಟೆಲ್ ಪ್ರೊಸೆಸರಿನ ವೇಗ ನಿರ್ಧರಿಸುವ ಮಲ್ಟಿಪ್ಲೈಯರಿಗೆ ಬೀಗವಿದೆ, ಬಿ660ರಲ್ಲಿ ‘ಕೆ’ ಹಾಕಿದರೂ ಅಷ್ಟೇ. ಆದರೆ ರ್‍ಯಾಮ್ ಎಕ್ಸ್‌ಎಂಪಿ ಈ ಬೋರ್ಡಿನಲ್ಲಿ ನಡೆಯುತ್ತದೆ, ಅದನ್ನು ಆನ್ ಮಾಡಿದ್ದೀರಾ ನೋಡಿ. ಟಾಸ್ಕ್ ಮ್ಯಾನೇಜರಿನಲ್ಲಿ 2133 ಅಥವಾ 2666 ಎಂದಿದ್ದರೆ ಇನ್ನೂ ಆನ್ ಆಗಿಲ್ಲ.

ಪ್ರಶ್ನೆ: ಹೊಸ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ. ಆಡುವಾಗ ಕರೆಂಟ್ ಹೋದರೆ 600 ವಿಎ ಯುಪಿಎಸ್ ಕೂಡ ಕೀ ಅಂದು ಆರಿಹೋಗುತ್ತದೆ. ಎರಡೂ ಎಸ್‌ಎಂಪಿಎಸ್ ದೋಷವೇ?
– ವಿ.ಎನ್., ಚಾಮರಾಜಪೇಟೆ

ಉತ್ತರ: ಜುಮ್ ಅನ್ನುವುದು ಬಹುಪಾಲು ಅರ್ಥಿಂಗ್ ಇಲ್ಲದ್ದರ ಗುರುತು. ಎಸ್‌ಎಂಪಿಎಸ್ ಬಾಯಲ್ಲಿ ಫೇಸಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಕ್ಯಾಬಿನೆಟ್ಟಿಗೆ ಸೇರಿರುತ್ತವೆ. ಅರ್ಥ್ ಇದ್ದರೆ ಆ ಸೋರಿಕೆ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ 230ರ ಅರ್ಧ, ಅಂದರೆ 115 ವೋಲ್ಟಿನಷ್ಟು ಕ್ಯಾಬಿನೆಟ್ಟಿನಲ್ಲೇ ನಿಲ್ಲುತ್ತದೆ. ಕರೆಂಟ್ ಬಹಳ ಸಣ್ಣದು, ಆದರೆ ಟಿವಿಗೆ ಎಚ್‌ಡಿಎಂಐ ಚುಚ್ಚುವಾಗ ಪೋರ್ಟ್ ಸುಡಲು ಸಾಕು. ಎಲೆಕ್ಟ್ರಿಷಿಯನ್ನರನ್ನು ಕರೆದು ಮಲ್ಟಿಮೀಟರಿನಲ್ಲಿ ಅಳೆಸಿ: ಫೇಸ್–ಅರ್ಥ್ 230ರ ಹತ್ತಿರ, ನ್ಯೂಟ್ರಲ್–ಅರ್ಥ್ ಎರಡು ಮೂರು ವೋಲ್ಟಿನೊಳಗೆ ಇರಬೇಕು. ಹಳೇ ಮನೆಗಳಲ್ಲಿ ಉಪ್ಪು–ಇದ್ದಿಲು ತುಂಬಿದ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿ ಕೆಲಸ ನಿಲ್ಲಿಸುತ್ತದೆ. ನೀರು ಹಾಕಿಯೂ ಸರಿಹೋಗದಿದ್ದರೆ ಹೊಸ ಗುಂಡಿ ಮಾಡಿಸಿ. ಸಾಕೆಟ್ಟಿನೊಳಗೇ ನ್ಯೂಟ್ರಲ್ಲನ್ನು ಅರ್ಥ್ ಪಿನ್ನಿಗೆ ಸೇರಿಸಿಬಿಡೋಣ ಎಂದು ಯಾರಾದರೂ ಹೇಳಿದರೆ ಖಡಾಖಂಡಿತ ಬೇಡ ಅನ್ನಿ. ಎಲ್ಲಾದರೂ ನ್ಯೂಟ್ರಲ್ ತಂತಿ ತುಂಡಾದ ದಿನ ಕ್ಯಾಬಿನೆಟ್ಟಿಗೆ ಪೂರ್ತಿ 230 ಬರುತ್ತದೆ. ಮಕ್ಕಳು ಮುಟ್ಟುವ ವಸ್ತು ಅದು.

ಯುಪಿಎಸ್ ಲೆಕ್ಕ ಬೇರೆ. 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಆಟದ ಮಧ್ಯೆ ಗ್ರಾಫಿಕ್ಸ್ ಕಾರ್ಡ್ ಕ್ಷಣಕಾಲ ತನ್ನ ಅಂಕಿಗಿಂತ ಬಹಳ ಮೇಲೆ ಎಳೆಯುತ್ತದೆ, ಮಾನಿಟರ್ ಬೇರೆ ಸೇರುತ್ತದೆ. 1000 ವಿಎ, 600 ವ್ಯಾಟ್ ಎಂದು ಎರಡೂ ಅಂಕಿ ಬರೆದಿರುವುದನ್ನು ಕೊಳ್ಳಿ. ಕೊಳ್ಳುವ ಮೊದಲು ಅದು ಪ್ಯೂರ್ ಸೈನ್ ವೇವ್ ಹೌದೇ ಕೇಳಿ, ಚೌಕಾಕಾರದ ಅಲೆಯ ಯುಪಿಎಸ್‌ಗೆ ಕೆಲವು ಹೊಸ ಎಸ್‌ಎಂಪಿಎಸ್‌ಗಳು ಹೊಂದಿಕೊಳ್ಳದೆ ಆರುತ್ತವೆ.

ಪ್ರಶ್ನೆ: ಎಸ್‌.ಪಿ. ರೋಡಿನಲ್ಲಿ ಬಳಸಿದ ಆರ್‌ಟಿಎಕ್ಸ್ 3060 ಅಗ್ಗಕ್ಕೆ ಕೊಡುತ್ತಿದ್ದಾರೆ. ಮೈನಿಂಗಿನದಾದರೆ (ಕ್ರಿಪ್ಟೊ ನಾಣ್ಯ ಗಳಿಸಲು ಓಡಿಸಿದ್ದಾದರೆ) ಬಿಡಬೇಕೇ?
– ಆರ್., ಹೆಬ್ಬಾಳ

ಉತ್ತರ: 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಮೈನಿಂಗ್ ನಿಂತ ಮೇಲೆ ಅಂಥ ಕಾರ್ಡುಗಳು ಮಾರುಕಟ್ಟೆಗೆ ಹರಿದವು. ಮೈನಿಂಗ್ ಮಾಡಿದ್ದಷ್ಟಕ್ಕೇ ಬಿಡಬೇಕಿಲ್ಲ, ಚಿಪ್ಪಿಗಿಂತ ಮೊದಲು ಸವೆಯುವುದು ಫ್ಯಾನ್, ಪೇಸ್ಟ್ ಮತ್ತು ಮೆಮೊರಿಯ ಪ್ಯಾಡ್. ಅಂಗಡಿಯಲ್ಲೇ ಕಾರ್ಡಿನ ವಿವರ ತೋರಿಸುವ ಜಿಪಿಯು–ಝಡ್ ತಂತ್ರಾಂಶ ತೆರೆಸಿ: 12 ಜಿಬಿ, 3584 ಶೇಡರ್ ಎಂದಿರಬೇಕು, ಹೆಸರಿನ ಮುಂದೆ ನಕಲಿ ಎಂಬ ಎಚ್ಚರಿಕೆ ಇರಬಾರದು. ಅರ್ಧ ಗಂಟೆ ಭಾರ ಕೊಟ್ಟು ಓಡಿಸಿ. ಚಿಪ್ಪಿಗೂ ಅದರ ಅತಿ ಬಿಸಿ ಜಾಗವಾದ ಹಾಟ್‌ಸ್ಪಾಟಿಗೂ ನಡುವಿನ ಅಂತರ 12–15 ಡಿಗ್ರಿ ಇದ್ದರೆ ಸರಿ, 25 ದಾಟಿದರೆ ಪೇಸ್ಟ್ ಒಣಗಿದೆ ಅಥವಾ ಯಾರೋ ಬಿಚ್ಚಿ ಸರಿಯಾಗಿ ಕೂರಿಸಿಲ್ಲ. ಎಲ್ಲ ಡಿಸ್‌ಪ್ಲೇ ಪೋರ್ಟಿಗೂ ಒಮ್ಮೆ ಕೇಬಲ್ ಚುಚ್ಚಿ ನೋಡಿ. ಅರ್ಧ ಗಂಟೆ ಓಡಿಸಲು ಒಪ್ಪದ ಅಂಗಡಿಯಿಂದ ತರಬೇಡಿ. ಬಿಲ್ಲಿನಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಒಂದು ವಾರದೊಳಗೆ ಕೆಟ್ಟರೆ ವಾಪಸ್ ಎಂಬ ಮಾತನ್ನೂ ಅದರಲ್ಲೇ ಬರೆಸಿ.

ಪ್ರಶ್ನೆ: ಐ7 13700ಕೆ. ಕೆಲವು ಆಟ ತೆರೆದ ತಕ್ಷಣ ‘ವಿಡಿಯೋ ಮೆಮೊರಿ ಸಾಲದು’ ಎಂದು ಮುಚ್ಚಿಕೊಳ್ಳುತ್ತವೆ. ಕಾರ್ಡಿನಲ್ಲಿ 16 ಜಿಬಿ ಇದೆ!
– ಎಸ್‌., ಜಯನಗರ

ಉತ್ತರ: ಕಾರ್ಡ್ ಬದಲಿಸಬೇಡಿ. 13 ಮತ್ತು 14ನೇ ತಲೆಮಾರಿನ ಹಲವು ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರುಗಳು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಕ್ರಮೇಣ ಸವೆಯುತ್ತಿದ್ದವು, ಆಟ ತನ್ನ ಶೇಡರ್ (ಚಿತ್ರ ಮೂಡಿಸುವ ಸಣ್ಣ ಪ್ರೋಗ್ರಾಂ) ಸಿದ್ಧಪಡಿಸುವಾಗ ಅದು ಇದೇ ಸುಳ್ಳು ಸಂದೇಶವಾಗಿ ಕಾಣಿಸಿಕೊಳ್ಳುತ್ತಿತ್ತು. 2024ರ ಸೆಪ್ಟೆಂಬರ್ ನಂತರದ ಮೈಕ್ರೋಕೋಡ್ (ಪ್ರೊಸೆಸರಿನ ಒಳ ಸೂಚನೆಗಳು) ಇರುವ ಬಯೋಸ್ ಹಾಕಿ, ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ ಆರಿಸಿ, ಓವರ್‌ಕ್ಲಾಕ್ ತೆಗೆಯಿರಿ. ಆಮೇಲೂ ಆಟ ಬಿದ್ದರೆ ಪ್ರೊಸೆಸರ್ ಆಗಲೇ ಸವೆದಿದೆ, ಬಯೋಸ್ ಅದನ್ನು ವಾಪಸ್ ತರಲಾರದು. ಡಬ್ಬಿಯಲ್ಲಿ ಬಂದ ಪ್ರೊಸೆಸರಾದರೆ ಮೂರು ವರ್ಷದ ವಾರಂಟಿಯನ್ನು ಇಂಟೆಲ್ ಇನ್ನೆರಡು ವರ್ಷ ವಿಸ್ತರಿಸಿದೆ. ಡಬ್ಬಿ, ಬಿಲ್ ಹುಡುಕಿ ಇಟ್ಟುಕೊಂಡು ಇವತ್ತೇ ಅರ್ಜಿ ಹಾಕಿ.