ಓಪನ್ ಸೈನ್ಸ್ ಅಂದರೆ ಸಂಶೋಧನಾ ಪೇಪರ್ ಬಿಟ್ಟಿ ಸಿಗುವುದು ಅಷ್ಟೇನಾ? ಇದರಲ್ಲಿ ತತ್ವಶಾಸ್ತ್ರ ಎಲ್ಲಿಂದ ಬಂತು?

ಅಷ್ಟೇ ಅಲ್ಲ, ಸಂಶೋಧನೆಯ ಡೇಟಾ, ಲೆಕ್ಕಗಳನ್ನೂ ಬೇರೆಯವರು ನೋಡಿ ಪರೀಕ್ಷಿಸುವಂತೆ ತೆರೆದಿಡುವುದು. ಹಾಗಂತ ಬಿಟ್ಟಿ ಸಿಗುವುದೇನೂ ಸಣ್ಣ ವಿಷಯ ಅಲ್ಲ. ಎಂ.ಎಸ್ಸಿ. ಓದುವಾಗ ಒಂದು ಪೇಪರ್‌ಗೆ ಮೂವತ್ತು ಡಾಲರ್ ಕೇಳಿದ್ದನ್ನು ನೋಡಿ, ಟ್ಯಾಬ್ ಮುಚ್ಚಿ ಮೆಸ್ಸಿಗೆ ಊಟಕ್ಕೆ ಹೋಗಿದ್ದು ನನಗಿನ್ನೂ ನೆನಪಿದೆ. ಆದರೆ ತತ್ವಶಾಸ್ತ್ರ ಶುರುವಾಗುವುದು ಇನ್ನೊಂದು ಕಡೆ: ಒಬ್ಬರು ಹೇಳಿದ್ದನ್ನು ನಾವು ಯಾಕೆ ನಂಬಬೇಕು?

ಲಂಡನ್ನಿನ ಹಳೆಯ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಯ ಧ್ಯೇಯವಾಕ್ಯದ ಅರ್ಥವೇ 'ಯಾರ ಮಾತನ್ನೂ ಸುಮ್ನೆ ನಂಬಬೇಡ' ಅಂತ. ತಮಾಷೆ ನೋಡಿ, ಅದೇ ಸೊಸೈಟಿಯ ರಾಬರ್ಟ್ ಹುಕ್, ನಾವು ಪಿಯುಸಿಯಲ್ಲಿ ಓದಿದ ಸ್ಪ್ರಿಂಗಿನ ನಿಯಮವನ್ನು 1676ರಲ್ಲಿ 14 ಅಕ್ಷರಗಳ ಒಗಟು ಮಾಡಿ ಅಚ್ಚು ಹಾಕಿಸಿದ. ಬಿಡಿಸಿ ಹೇಳಿದ್ದು ಎರಡು ವರ್ಷ ಆದಮೇಲೆ: 'ಎಳೆದಷ್ಟು ಬಲ'. ಹೆಸರು ತನಗೇ ಬರಬೇಕು, ಗುಟ್ಟು ಮಾತ್ರ ಹೊರಗೆ ಹೋಗಬಾರದು. ಇವತ್ತು ಪೇಪರ್ ಪ್ರಕಟಿಸಿ ಡೇಟಾ ಬಚ್ಚಿಡುವವರು ಮಾಡುವುದೂ ಹೆಚ್ಚುಕಮ್ಮಿ ಇದನ್ನೇ, ಅಲ್ವಾ?

ಅಮೆರಿಕದ ದೊಡ್ಡ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಒಂದು ಲೆಕ್ಕ ಕೊಟ್ಟರು: ದೇಶದ ಸಾಲ ಜಿಡಿಪಿಯ ಶೇ. 90 ದಾಟಿದರೆ ಸರಾಸರಿ ಬೆಳವಣಿಗೆ ಮೈನಸ್ ಶೇ. 0.1. ಸರ್ಕಾರದ ಖರ್ಚು ಕತ್ತರಿಸಬೇಕು ಅನ್ನುವವರಿಗೆ ಹಬ್ಬ. ಥಾಮಸ್ ಹರ್ಂಡನ್ ಎಂಬ ವಿದ್ಯಾರ್ಥಿ ಕ್ಲಾಸಿನ ಅಸೈನ್‌ಮೆಂಟಿಗೆ ಅಂತ ಅದೇ ಲೆಕ್ಕ ಮಾಡಲು ಕೂತ. ತಾಳೆ ಆಗಲೇ ಇಲ್ಲ. ಮೇಲ್ ಮಾಡಿ ಕೇಳಿದ, ಅವರು ಎಕ್ಸೆಲ್ ಶೀಟ್ ಕಳಿಸಿದರು (ಅದು ಅವರ ದೊಡ್ಡತನ, ಎಷ್ಟೋ ಜನ ಉತ್ತರವನ್ನೇ ಕೊಡುವುದಿಲ್ಲ). ಸರಾಸರಿಯ ಫಾರ್ಮುಲಾ 49ನೇ ಸಾಲಿನವರೆಗೆ ಹೋಗಬೇಕಿತ್ತು, 44ಕ್ಕೇ ನಿಂತಿತ್ತು. ಐದು ದೇಶ ಲೆಕ್ಕಕ್ಕೇ ಬಂದಿರಲಿಲ್ಲ. ಬೇರೆ ತಕರಾರುಗಳೂ ಇದ್ದವು. ಎಲ್ಲ ಸರಿಮಾಡಿ 2013ರಲ್ಲಿ ಅವನ ತಂಡ ಕೊಟ್ಟ ಅಂಕಿ ಪ್ಲಸ್ ಶೇ. 2.2! ಲೇಖಕರು ಎಕ್ಸೆಲ್ ತಪ್ಪು ಒಪ್ಪಿಕೊಂಡರು, ತಮ್ಮ ತೀರ್ಮಾನ ಬಿಡಲಿಲ್ಲ. ಆ ಜಗಳ ಇರಲಿ. ಶೀಟ್ ಕೈಗೆ ಬರುವ ತನಕ ಹುಡುಗನ ಹತ್ತಿರ ಇದ್ದದ್ದು ಬರೀ ಅನುಮಾನ. ಬಂದಮೇಲೆ ಅವನೂ ಪ್ರೊಫೆಸರ್‌ಗಳೂ ಒಂದೇ ಬೆಂಚಿನವರು.

ಹಾಗಂತ ಎಲ್ಲವನ್ನೂ ಎಲ್ಲರಿಗೂ ತೆರೆದಿಡಿ ಅಂತ ನಾನು ಹೇಳಲಾರೆ. 2007ರಲ್ಲಿ ಇಂಡೊನೇಷ್ಯಾ ತನ್ನ ಹಕ್ಕಿಜ್ವರದ ವೈರಸ್ ಮಾದರಿ ಕೊಡುವುದನ್ನು ನಿಲ್ಲಿಸಿತು. ವೈರಸ್ ನಮ್ಮಿಂದ ಹೋಗುತ್ತೆ, ಅದರಿಂದ ಹೊರಗಿನ ಕಂಪನಿ ಮಾಡುವ ಲಸಿಕೆ ಮಾತ್ರ ನಮ್ಮ ಕೈಗೆಟಕಲ್ಲ ಅನ್ನುವುದು ಅವರ ವಾದ. ಜಗತ್ತಿನ ಆರೋಗ್ಯದ ಜೊತೆ ಆಟ ಆಡಬೇಡಿ ಅಂತ ಬೈದವರೂ ಇದ್ದರು. ನನಗೇನೋ ಇಂಡೊನೇಷ್ಯಾದವರ ಸಿಟ್ಟು ನ್ಯಾಯ ಅನಿಸುತ್ತೆ. ಮಾದರಿ ಹಂಚಿಕೊಂಡರೆ ಲಸಿಕೆಯಲ್ಲೂ ಪಾಲು ಸಿಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಒಪ್ಪಂದ ಆಗಿದ್ದು 2011ರಲ್ಲಿ, ಆ ಜಗಳದಿಂದಲೇ.